ಹಳೇ ಪಾರ್ಟ್ಸ್, ಸೆಕೆಂಡ್ ಹ್ಯಾಂಡ್ ಫ್ರೇಮ್

ಪ್ರಶ್ನೆ: ಸಾರ್, ನನ್ನ ಮೌಂಟನ್ ಬೈಕಿಗೆ ಮುಂದೆ ಮಾತ್ರ ಸಸ್ಪೆನ್ಶನ್ ಇದೆ. ಈಗ ಹಿಂದೆಯೂ ಶಾಕ್ ಇರುವ ಸೆಕೆಂಡ್ ಹ್ಯಾಂಡ್ ಫ್ರೇಮ್ ಸಿಗುತ್ತಿದೆ. ನನ್ನ ಪಾರ್ಟ್ಸ್ ಎಲ್ಲ ಅದಕ್ಕೆ ಹಾಕಬಹುದಾ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಎಲ್ಲವೂ ಆಗುವುದಿಲ್ಲ. ದುಡ್ಡು ಕೊಡುವ ಮುಂಚೆ ಅಳತೆ ತೆಗೆದುಕೊಳ್ಳಿ. ಮೊದಲು ಹಿಂದಿನ ಚಕ್ರ ಕೂರುವ ಜಾಗದ ಅಗಲ. ನಿಮ್ಮದು ಕ್ವಿಕ್ ರಿಲೀಸ್ ಹಬ್ (ಲಿವರ್ ತಿರುಗಿಸಿ ಚಕ್ರ ಬಿಚ್ಚುವಂಥದ್ದು) ಆದರೆ ಸಾಮಾನ್ಯವಾಗಿ 135 ಮಿ.ಮೀ. ಈಚಿನ ಫ್ರೇಮುಗಳಲ್ಲಿ 142 ಅಥವಾ 148. ಹೊಂದದಿದ್ದರೆ ಚಕ್ರದ ಖರ್ಚೂ ಸೇರಿತು ಅಲ್ವಾ? ಸೀಟ್ ಪೋಸ್ಟ್ ಫ್ರೇಮಿನ ಕೊಳವೆಗೆ ಸಡಿಲವಾದರೆ ಸರಿಯಾದ ಶಿಮ್ (ನಡುವೆ ಕೂರಿಸುವ ತೆಳು ಕೊಳವೆ) ಹಾಕಿಸಿ, ಸುಮ್ನೆ ತಗಡು ಸುತ್ತಬೇಡಿ. ಫ್ರೇಮಿನೊಳಗೆ ಹೋಗುವ ಫೋರ್ಕ್ ಕೊಳವೆ ನೇರವೋ, ಕೆಳಗೆ ದಪ್ಪವೋ ನೋಡಿ. ಹ್ಯಾಂಡಲ್, ಪೆಡಲ್ ಚಿಂತೆಯಿಲ್ಲ.

ಚೈನ್ ಮಾತ್ರ ಮರೆಯಬೇಡಿ. ನಾನು ಇಂಥದ್ದೇ ಫ್ರೇಮಿಗೆ ಹಳೇ ಚೈನನ್ನೇ ಹಾಕಿ ನಂದಿ ಬೆಟ್ಟದ ಬುಡದ ಮಣ್ಣುದಾರಿಗೆ ಹೋಗಿದ್ದೆ. ಒಂದು ಗುಂಡಿಗೆ ಇಳಿದಾಗ ಶಾಕ್ ಪೂರ್ತಿ ಕುಗ್ಗಿತು. ಚೈನ್ ತಂತಿಯಂತೆ ಬಿಗಿಯಿತು, ಗೇರ್ ಬದಲಿಸುವ ಡಿರೇಲರನ್ನು ಮುಂದಕ್ಕೆ ಎಳೆದು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಗ್ಗಿಯೇ ಹೋಯಿತು. ಎಷ್ಟೋ ಫ್ರೇಮುಗಳಲ್ಲಿ ಶಾಕ್ ಕುಗ್ಗಿದಾಗ ಪೆಡಲ್ ಅಚ್ಚಿಗೂ ಹಿಂದಿನ ಅಚ್ಚಿಗೂ ದೂರ ಜಾಸ್ತಿಯಾಗುತ್ತದೆ. ಅದಕ್ಕೇ ಏರ್ ಶಾಕ್ ಆದರೆ ಗಾಳಿ ಬಿಟ್ಟು, ಸೀಟು ಪೂರ್ತಿ ಅದುಮಿ, ಮುಂದೆ, ಹಿಂದೆ ಎರಡೂ ಕಡೆಯ ಅತಿ ದೊಡ್ಡ ಹಲ್ಲುಚಕ್ರದ ಮೇಲೆ ಚೈನ್ ಸುತ್ತಿ ಉದ್ದ ನೋಡಿ.

ಇನ್ನೊಂದು, ಹಿಂದಿನ ಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕೀಲುಗಳಲ್ಲಿ ಟಕಟಕ ಅಂದರೆ ಬೇರಿಂಗ್ ಸವೆದಿರಬಹುದು. ಅದರ ಖರ್ಚು ಕಳೆದು ಬೆಲೆ ಕೇಳಿ. ವೆಲ್ಡಿಂಗ್ ಹತ್ತಿರ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಫ್ರೇಮ್ ಬೇಡವೇ ಬೇಡ.