ಮಗನ ಥೆರಪಿಸ್ಟ್ ಏನು ಓದಿದ್ದಾರೆ ಅಂತ ಕೇಳಬಹುದಾ?

ಪ್ರಶ್ನೆ: ನಮ್ಮ ಮಗನಿಗೆ ಐದು ವರ್ಷ. ಪೆನ್ಸಿಲ್ ಹಿಡಿಯೋಕೆ ಒದ್ದಾಡುತ್ತಾನೆ, ಗದ್ದಲ ಆದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಡಾಕ್ಟರು ಆಕ್ಯುಪೇಷನಲ್ ಥೆರಪಿ (ಬರೆಯೋದು, ಗುಂಡಿ ಹಾಕೋದು ಇಂಥ ದಿನನಿತ್ಯದ ಕೆಲಸಗಳನ್ನು ರೂಢಿಸುವ ಚಿಕಿತ್ಸೆ) ಕೊಡಿಸಿ ಅಂದರು. ಮನೆ ಹತ್ತಿರದ ಸೆಂಟರಿನವರು ತಾವು ‘ಸರ್ಟಿಫೈಡ್ ಸೆನ್ಸರಿ ಥೆರಪಿಸ್ಟ್’ ಅಂತಾರೆ. ಡಿಗ್ರಿ ಕೇಳಿದರೆ ಬೇಜಾರಾಗುತ್ತಾರೇನೋ ಅಂತ ಸುಮ್ನಿದ್ದೇವೆ.
ಓದುಗರೊಬ್ಬರು, ಡೊಂಬಿವಲಿ

ಉತ್ತರ: ಧಾರಾಳವಾಗಿ ಕೇಳಿ. ಸರಿಯಾಗಿ ಓದಿಕೊಂಡವರು ಬೇಜಾರಾಗೋದಿಲ್ಲ, ಸರ್ಟಿಫಿಕೇಟ್ ತೆಗೆದು ತೋರಿಸುತ್ತಾರೆ.

ನೀವು ನೋಡಬೇಕಾದ್ದು ಡಿಗ್ರಿ ಮತ್ತು ನೋಂದಣಿ. ಡಿಗ್ರಿ ಅಂದರೆ ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಕ್ಕೂ ಮೇಲಿನ ಓದು. ಭಾರತದಲ್ಲಿ ಇದು ಶುರುವಾಗಿದ್ದೇ ನಮ್ಮ ಮುಂಬೈಯಲ್ಲಿ, 1950ರಲ್ಲಿ, ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ. ನೋಂದಣಿಗೆ ಮಹಾರಾಷ್ಟ್ರದಲ್ಲಿ 2002ರ ಕಾಯ್ದೆಯ ಪ್ರಕಾರ ಆಕ್ಯುಪೇಷನಲ್ ಥೆರಪಿ, ಫಿಸಿಯೋಥೆರಪಿಗೆ ಅಂತಲೇ ರಾಜ್ಯ ಕೌನ್ಸಿಲ್ ಇದೆ. ಆ ಕೌನ್ಸಿಲಿನ ನೋಂದಣಿ ಸಂಖ್ಯೆ ಕೇಳಿ, ಅವಧಿ ಮುಗಿದಿದೆಯಾ ನೋಡಿ. 2021ರಲ್ಲಿ ಕೇಂದ್ರ ಸರ್ಕಾರವೂ ಇಂಥ ವೃತ್ತಿಗಳಿಗೆ ಒಂದು ಕಾಯ್ದೆ ತಂದಿತು. ಡಿಗ್ರಿ ಓದು ಕನಿಷ್ಠ 3,600 ಗಂಟೆ ಇರಬೇಕು ಅನ್ನುತ್ತದೆ ಅದು. ‘ಸರ್ಟಿಫೈಡ್’ ಅನ್ನಿಸಿಕೊಳ್ಳೋಕೆ ಮಾಡುವ ಮೂರು ತಿಂಗಳ ಕೋರ್ಸು ಎಲ್ಲಿ, ಇದೆಲ್ಲಿ!

ಸೆನ್ಸರಿ ಇಂಟಿಗ್ರೇಷನ್ (ಶಬ್ದ, ಸ್ಪರ್ಶ, ಚಲನೆಗಳಿಗೆ ಮಗು ಹೊಂದಿಕೊಳ್ಳಲು ನೆರವಾಗುವ ವಿಧಾನ) ತರಬೇತಿ ಒಳ್ಳೆಯದೇ. ಆದರೆ ಅದು ಡಿಗ್ರಿ ಆದಮೇಲೆ ಕಲಿಯುವಂಥದ್ದು, ಡಿಗ್ರಿಗೆ ಬದಲಲ್ಲ. ಕೆಲವರು ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನಂಬರ್ ತೋರಿಸುತ್ತಾರೆ. ಅದು ಸ್ಪೀಚ್ ಥೆರಪಿಸ್ಟ್, ಸ್ಪೆಷಲ್ ಎಜುಕೇಟರ್ ಮುಂತಾದವರ ನೋಂದಣಿ. ಅವರೂ ಮಗುವಿಗೆ ಬೇಕಾದವರೇ, ಆದರೆ ಕೆಲಸ ಬೇರೆ. ಇನ್ನು ಹೆಸರಿಗೆ ಮೊದಲು ‘ಡಾ.’ ಕಂಡರೆ ಅಷ್ಟಕ್ಕೇ ನಂಬಬೇಡಿ, ಹೆಸರಾದ ಮೇಲೆ ಬರೆದಿರುವ ಡಿಗ್ರಿ ಓದಿ.

ಕಾಗದ ಬಿಟ್ಟು ಕೆಲಸ ನೋಡಿದರೂ ಗೊತ್ತಾಗುತ್ತದೆ. ಓದಿಕೊಂಡವರು ಮೊದಲ ದಿನವೇ ಮಗುವನ್ನು ಉಯ್ಯಾಲೆಗೆ ಹತ್ತಿಸಿ ಕೂರೋದಿಲ್ಲ. ಅಂಗಿಯ ಗುಂಡಿ ಹಾಕಿಸಿ ನೋಡುತ್ತಾರೆ. ಬರೆಯುವಾಗ ಹೆಗಲು ಮೇಲೆತ್ತುತ್ತಾನಾ, ಇನ್ನೊಂದು ಕೈ ಕಾಗದ ಒತ್ತಿ ಹಿಡಿಯುತ್ತಾ ಅಂತ ಗಮನಿಸುತ್ತಾರೆ. ಊಟ, ನಿದ್ದೆ, ಶಾಲೆ ಬಗ್ಗೆ ನಿಮ್ಮನ್ನೇ ಜಾಸ್ತಿ ಕೇಳುತ್ತಾರೆ. ಆಮೇಲೆ ಏನು ಸಾಧಿಸಬೇಕು ಅಂತ ಬರೆದು ಕೊಡುತ್ತಾರೆ.

ಆ ರಿಪೋರ್ಟಿನ ಮೇಲೆ ಸಹಿ, ನೋಂದಣಿ ಸಂಖ್ಯೆ ಹಾಕಿ ಕೊಡಿ ಅನ್ನಿ. ಹಿಂದೆಮುಂದೆ ನೋಡಿದರೆ ಅಲ್ಲಿಗೆ ಕಳಿಸೋದು ನಿಲ್ಲಿಸಿ. ಐದು ವರ್ಷದ ಮಗುವಿನ ಒಂದೊಂದು ತಿಂಗಳೂ ಮುಖ್ಯ, ಅಲ್ವಾ? ಸಯನ್‌ನ ಮುನಿಸಿಪಲ್ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ವಿಭಾಗವಿದೆ. ನಿಮಗೆ ಸ್ಲೋ ಲೋಕಲ್‌ನಲ್ಲಿ ನೇರ ದಾರಿ. ಡಾಕ್ಟರ ಚೀಟಿ ಮರೆಯದೆ ಒಯ್ಯಿರಿ.