ಸೋಲ್ ಜಾಝ್‌ನ ಸ್ಟ್ಯಾನ್ಲಿ ಟರೆಂಟೈನ್ ಯಾರು? ಕೇಳಲು ಎಲ್ಲಿಂದ ಶುರು ಮಾಡಬೇಕು?

ಸೋಲ್ ಜಾಝ್ ಅಂದ್ರೆ ಬ್ಲೂಸ್ (ಆಫ್ರಿಕನ್-ಅಮೆರಿಕನ್ನರ ಜನಪದ ಸಂಗೀತ) ಮತ್ತು ಚರ್ಚ್ ಹಾಡುಗಳ ಛಾಯೆಯಿರುವ ಜಾಝ್. ಟರೆಂಟೈನ್ ಟೆನರ್ ಸ್ಯಾಕ್ಸೋಫೋನ್ ವಾದಕ. 1934ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ಅಪ್ಪ ಸ್ಯಾಕ್ಸೋಫೋನ್, ಅಮ್ಮ ಪಿಯಾನೋ, ಅಣ್ಣ ಟಾಮಿ ಟ್ರಂಪೆಟ್. ಮನೆಯೇ ಒಂದು ಬ್ಯಾಂಡ್!

ಹದಿಹರೆಯದಲ್ಲೇ ಲೋವೆಲ್ ಫುಲ್ಸನ್ ಅವರ ಬ್ಲೂಸ್ ತಂಡ ಸೇರಿದರು. ಅಲ್ಲಿ ಪಿಯಾನೋ ನುಡಿಸುತ್ತಿದ್ದವರು ಮುಂದೆ ಹೆಸರಾಂತ ಗಾಯಕರಾದ ರೇ ಚಾರ್ಲ್ಸ್. ನನ್ನ ಪ್ರಕಾರ ಆ ಬ್ಲೂಸ್ ರುಚಿ ಟರೆಂಟೈನ್ ಅವರನ್ನು ಕೊನೆವರೆಗೂ ಬಿಡಲಿಲ್ಲ. 1953ರಲ್ಲಿ ಅರ್ಲ್ ಬಾಸ್ಟಿಕ್ ತಂಡದಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಬಿಟ್ಟ ಜಾಗಕ್ಕೆ ಬಂದರು. ಆಮೇಲೆ ಸೇನೆ, ನಂತರ ಡ್ರಮ್ಮರ್ ಮ್ಯಾಕ್ಸ್ ರೋಚ್ ಜೊತೆ.

1960ರಿಂದ ಬ್ಲೂ ನೋಟ್ ಕಂಪನಿಗೆ ಸಾಲು ಸಾಲು ರೆಕಾರ್ಡ್ ಮಾಡಿದರು. ಆರ್ಗನ್ ವಾದಕಿ ಶರ್ಲಿ ಸ್ಕಾಟ್ ಅವರನ್ನು ಮದುವೆಯಾದರು, ಜೊತೆಗೇ ನುಡಿಸಿದರು, 1971ರಲ್ಲಿ ಬೇರೆಯಾದರು.

ಇವರು ಸುಮ್ನೆ ಸ್ವರಗಳ ಮಳೆ ಸುರಿಸುವವರಲ್ಲ. ಒಂದೇ ಸ್ವರವನ್ನು ದಪ್ಪಗೆ ಹಿಡಿದು, ತುದಿಯಲ್ಲಿ ಸ್ವಲ್ಪ ಬಗ್ಗಿಸಿ ಬಿಡುತ್ತಾರೆ. ಮಜಾ ಅಲ್ಲೇ ಇರೋದು.

1970ರಲ್ಲಿ ಸಿಟಿಐ ಕಂಪನಿಗೆ ಮಾಡಿದ ‘ಶುಗರ್’ ಇವರ ಅತಿ ಜನಪ್ರಿಯ ಆಲ್ಬಂ. ಗಿಟಾರ್‌ನಲ್ಲಿ ಜಾರ್ಜ್ ಬೆನ್ಸನ್, ಟ್ರಂಪೆಟ್‌ನಲ್ಲಿ ಫ್ರೆಡ್ಡಿ ಹಬರ್ಡ್. ಆಮೇಲಿನ ಕೆಲವು ರೆಕಾರ್ಡ್‌ಗಳಲ್ಲಿ ಪಾಪ್ ಅಲಂಕಾರ ಜಾಸ್ತಿಯಾಯ್ತು ಅನ್ನಿಸುತ್ತದೆ. 2000ದಲ್ಲಿ ತೀರಿಕೊಂಡರು.

ಮೊದಲು ‘ಶುಗರ್’ ಕೇಳಿ. ಆಮೇಲೆ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ ‘ಮಿಡ್‌ನೈಟ್ ಸ್ಪೆಷಲ್’; ಅದರಲ್ಲೂ ಟರೆಂಟೈನ್ ನುಡಿಸಿದ್ದಾರೆ.