ಶಿರಸಿ–ಕುಮಟಾ ದಾರಿಯಲ್ಲಿ ನಿತ್ಯ ಬೈಕ್ ಓಡಿಸುವವರು ಹಗುರವಾದ, ಹಿತವಾದ ಫುಲ್ ಫೇಸ್ ಹೆಲ್ಮೆಟ್ ಆರಿಸುವುದು ಹೇಗೆ?

ಮೊದಲು ನಿಮ್ಮ ತಲೆಯ ಅಳತೆಗೂ ಆಕಾರಕ್ಕೂ ಹೊಂದುವ ಹೆಲ್ಮೆಟ್ಟುಗಳನ್ನು ಹುಡುಕಿ, ಅವುಗಳಲ್ಲಿ ಹಗುರವಾದುದನ್ನು ಆರಿಸಿಕೊಳ್ಳಿ. ಸರಿಯಾಗಿ ಕೂರುವ ಹೆಲ್ಮೆಟ್ಟಿನ ಭಾರ ಇಡೀ ತಲೆಯ ಮೇಲೆ ಹಂಚಿಹೋಗುತ್ತದೆ. ಸಡಿಲವಾದದ್ದು ದೇವಿಮನೆ ಘಟ್ಟದ ಪ್ರತಿ ತಿರುವಿನಲ್ಲೂ ಅಲುಗಾಡುವುದರಿಂದ, ಅದನ್ನು ಹಿಡಿದು ನಿಲ್ಲಿಸುವ ಕೆಲಸ ಕುತ್ತಿಗೆಯ ಸ್ನಾಯುಗಳ ಪಾಲಾಗಿ, 1,200 ಗ್ರಾಂ ತೂಕವೂ ಕುಮಟಾ ತಲುಪುವಷ್ಟರಲ್ಲಿ ಹೊರೆಯೆನಿಸುತ್ತದೆ.

ಹುಬ್ಬಿನಿಂದ ಸುಮಾರು ಒಂದು ಇಂಚು ಮೇಲೆ ಟೇಪ್ ಸುತ್ತಿ ಅಳತೆ ತೆಗೆದುಕೊಳ್ಳಿ. ಅಂಗಡಿಯಲ್ಲೇ ಹದಿನೈದು ನಿಮಿಷ ಧರಿಸಿ ನೋಡಿ: ಪಟ್ಟಿ ಬಿಗಿದು ಹೆಲ್ಮೆಟ್ಟನ್ನು ಅತ್ತಿತ್ತ ತಿರುಗಿಸಿದಾಗ ಕೆನ್ನೆಯ ಚರ್ಮವೂ ಅದರ ಜತೆಗೇ ಸರಿಯಬೇಕು, ತೆಗೆದ ಮೇಲೆ ಹಣೆಯ ನಡುವೆ ನೋವಿನೊಂದಿಗೆ ಕೆಂಪು ಗುರುತು ಮೂಡಿದ್ದರೆ ಅದು ನಿಮ್ಮ ತಲೆಯ ಆಕಾರಕ್ಕೆ ಹೊಂದಿದ್ದಲ್ಲ. ಕೆನ್ನೆಯ ಮೆತ್ತೆ ಮಾತ್ರ ಹೊಸದರಲ್ಲಿ ತುಸು ಬಿಗಿಯಾಗಿಯೇ ಇರಲಿ, ಬಳಸುತ್ತಾ ಅದು ಕುಗ್ಗುತ್ತದೆ.

ಕರಾವಳಿಯ ಸೆಕೆಗೆ ಗಲ್ಲ ಮತ್ತು ನೆತ್ತಿಯ ಬಳಿ ಗಾಳಿಕಿಂಡಿಗಳೂ, ಬಿಚ್ಚಿ ತೊಳೆಯಬಹುದಾದ ಒಳಮೆತ್ತೆಯೂ ಬೇಕೇ ಬೇಕು. ಹಗುರವೆಂಬ ಒಂದೇ ಕಾರಣಕ್ಕೆ, ಐಎಸ್ 4151 (ಹೆಲ್ಮೆಟ್ಟುಗಳ ಭಾರತೀಯ ಮಾನದಂಡ) ಎಂದು ನಮೂದಿಸಿದ ಐಎಸ್‌ಐ ಗುರುತಿಲ್ಲದ್ದನ್ನು ದಯವಿಟ್ಟು ಕೊಳ್ಳಬೇಡಿ; ಪೆಟ್ಟನ್ನು ಹೀರಿಕೊಳ್ಳಬೇಕಾದ ಥರ್ಮೋಕೋಲಿನಂಥ ಒಳಪದರ ಅದರಲ್ಲಿ ತೀರಾ ತೆಳುವಾಗಿರಬಹುದು.